ಫೆರಿಗೆ ಐದು ಜನ

ಹಲಸೂರು
12 ಸೆಪ್ಟೆಂಬರ್ 2004, ಭಾನುವಾರ

ಅಪ್ಪನಿಗೆ,

ಮೂರನೇ ಕ್ಲಾಸಿನಿಂದ ಹತ್ತು ವರ್ಷ ನಿಮಗೆ ಬರೆದ ಎಲ್ಲ ಕಾಗದಗಳನ್ನೂ 'ತೀರ್ಥರೂಪರಾದ ತಂದೆಯವರ ಪಾದಗಳಿಗೆ' ಎಂದೇ ಶುರು ಮಾಡಿದ್ದೇನೆ. ಹಾಸ್ಟೆಲಿನಲ್ಲಿ ಹಾಗೆ ಬರೆಯದಿದ್ದರೆ ಮಿಸ್ ಕಾಗದವನ್ನು ವಾಪಸ್ ಕೊಡುತ್ತಿದ್ದರು. ಇವತ್ತು ಬರೆಯಲು ಹೋದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ನಮಸ್ಕಾರವಂತೂ ಇದೆ, ತೆಗೆದುಕೊಳ್ಳಿ. ಅಮ್ಮನಿಗೂ ಹೇಳಿ.

ತಡವಾಗಿದ್ದಕ್ಕೆ ಸಾರಿ. ಎರಡು ಭಾನುವಾರ ಮನೆಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಕೆಮಿಸ್ಟ್ರಿ ಟೆಸ್ಟ್ ಇತ್ತು ಎಂದು ಹೇಳಬಹುದಿತ್ತು, ಟೆಸ್ಟ್ ಇದ್ದದ್ದೂ ನಿಜ. ಚೆನ್ನಾಗಿ ಮಾಡಲಿಲ್ಲ. ಆದರೆ ನಾನು ಬಾರದೆ ಇದ್ದದ್ದು ಅದಕ್ಕಲ್ಲ. ಸಿಟ್ಟಿಗೆ.

ಹಲಸೂರಿನಿಂದ ಹೊರಮಾವಿಗೆ ಹತ್ತು ಹನ್ನೆರಡು ಕಿಲೋಮೀಟರ್. ಇಷ್ಟು ಹತ್ತಿರ ಇದ್ದುಕೊಂಡು ಅಂಚೆಯಲ್ಲಿ ಕಾಗದ ಹಾಕುತ್ತಾಳಲ್ಲ ಎಂದು ಅಣ್ಣ ಸುನಿಲ್ ನಗುತ್ತಾನೆ, ನಗಲಿ. ಎದುರಿಗೆ ಬಂದರೆ ನನಗೆ ಸಿಟ್ಟಿಗಿಂತ ಮೊದಲು ಅಳು ಬರುತ್ತದೆ. ಅತ್ತರೆ ನೀವು "ಬಿಡಮ್ಮ, ಬಿಡಮ್ಮ" ಎಂದು ತಲೆ ಸವರಿ ಎದ್ದು ವ್ಯಾನಿನ ಹತ್ತಿರ ಹೋಗಿಬಿಡುತ್ತೀರಿ. ಕಾಗದದ ತಲೆ ಸವರಲಾಗುವುದಿಲ್ಲ. ಓದಬೇಕು, ಇಲ್ಲವೇ ಹರಿಯಬೇಕು. ಹರಿಯುವುದಾದರೂ ಓದಿ ಹರಿಯಿರಿ.

ಮೊದಲು ನಿಮಗೆ ಬೇಕಾದ ಸುದ್ದಿ ಹೇಳುತ್ತೇನೆ. ಲಂಡನ್ ಪ್ರಯಾಣದ ಫೈಲು ಭದ್ರವಾಗಿದೆ. ಗಾಡಿಯನ್ನು ದೇಶದಿಂದ ದೇಶಕ್ಕೆ ದಾಟಿಸಲು ಬೇಕಾದ ಕಾರ್ನೆ ಪುಸ್ತಕದ ಅರ್ಜಿ ತುಂಬಿ ಆಗಿದೆ. ಇರಾನ್ ವೀಸಾದ ಫಾರಂ ಬಂದಿದೆ. ಪಾಕಿಸ್ತಾನದ ಮೇಲೆ ರಸ್ತೆಯಲ್ಲಿ ಹೋಗುವುದನ್ನು ಮರೆತುಬಿಡಿ. ಕ್ರಿಕೆಟ್ ಟೀಮ್ ಹೋಗಿಬಂತಲ್ಲ, ನಮಗ್ಯಾಕೆ ಬಿಡಲ್ಲ ಎಂದು ನೀವು ಕೇಳುತ್ತಲೇ ಇರುತ್ತೀರಿ. ಟೀಮು ಮೆಟಡೋರಿನಲ್ಲಿ ಹೋಗಲಿಲ್ಲ ಅಪ್ಪ. ವ್ಯಾನನ್ನು ಮುಂಬೈಯಲ್ಲಿ ಹಡಗಿಗೆ ಹಾಕಿ ಇರಾನಿನಲ್ಲಿ ಇಳಿಸಿಕೊಳ್ಳಬೇಕು. ಅಲ್ಲಿಂದ ಟರ್ಕಿ, ಯುರೋಪು, ಫ್ರಾನ್ಸ್. ಕೊನೆಗೆ ವ್ಯಾನನ್ನು ಫೆರಿಯೊಳಕ್ಕೆ ಓಡಿಸಿಕೊಂಡು ಹೋಗಿ ಒಂದೂವರೆ ಗಂಟೆ ಸಮುದ್ರ ದಾಟಿದರೆ ಇಂಗ್ಲೆಂಡು. ಮುಂದಿನ ಏಪ್ರಿಲ್ಲಿಗೆ ಹೊರಟರೆ ಟರ್ಕಿಯ ಗುಡ್ಡಗಳಲ್ಲಿ ಹಿಮ ಕರಗಿರುತ್ತದೆ. ಇದನ್ನೆಲ್ಲ ಶಿವಾಜಿನಗರದ ಸೈಬರ್ ಕೆಫೆಯಲ್ಲಿ ಕೂತು, ಪಕ್ಕದಲ್ಲಿ ಹುಡುಗರು ಗೇಮ್ ಆಡುತ್ತಾ ಕೂಗಾಡುತ್ತಿರುವಾಗ, ಒಂದೊಂದನ್ನೂ ಮೂರು ಸಲ ಓದಿ ಬರೆದುಕೊಂಡವಳು ನಾನು.

ಒಂದು ಮಾತ್ರ ಬಾಕಿ ಇದೆ. ಫೆರಿ ಕಂಪನಿಯವರು ಈ ತಿಂಗಳ ಮೂವತ್ತರೊಳಗೆ ಕನ್‌ಫರ್ಮ್ ಮಾಡಿ ಎಂದಿದ್ದಾರೆ. ವ್ಯಾನಿನ ಉದ್ದ, ಎತ್ತರ, ಡ್ರೈವರನ್ನೂ ಸೇರಿಸಿ ಎಷ್ಟು ಜನ. ಜೂನ್‌ನಲ್ಲಿ ನಾನು 'ಐದು' ಎಂದು ಹೊಡೆದಿದ್ದೆ. ಅದನ್ನು ನಾಲ್ಕು ಮಾಡು ಎಂದು ನೀವು ಹೋದ ಭಾನುವಾರ ಖಾದರ್ ಚಾಚಾ ಕೈಲಿ ಹೇಳಿ ಕಳಿಸಿದಿರಿ.

ಮಾಡುವುದಿಲ್ಲ.

ಯಾಕೆ ಎಂದು ನಿಮಗೆ ಅರ್ಥವಾಗಿಲ್ಲ ಎನ್ನುವುದೇ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಮಾರ್ಚ್‌ನಲ್ಲಿ ನೀವು ರಿಟೈರ್ ಆದಿರಿ. ಮೂವತ್ತೊಂದು ವರ್ಷ ಕಾರ್ಖಾನೆಯ ಬಸ್ಸು ಓಡಿಸಿದಿರಿ. ಬೆಳಿಗ್ಗೆ ಶಿವಾಜಿನಗರದಿಂದ ಕೆ.ಆರ್. ಪುರದ ಕಡೆಗೆ, ಸಂಜೆ ಕೆ.ಆರ್. ಪುರದ ಕಡೆಯಿಂದ ಶಿವಾಜಿನಗರಕ್ಕೆ. ನಾನಿನ್ನೂ ಕೆ.ಜಿ.ಎಫ್.ನಲ್ಲಿದ್ದೆ, ಸುನಿಲ್ ಆಮೇಲೆ ಹೇಳಿದ: ಹಾರ ಹಾಕಿಸಿಕೊಂಡು ಬಂದ ದಿನ ಅಮ್ಮ "ಇನ್ ಮನೇಲಿರ್ರಿ ಆರಾಮಾಗಿ" ಎಂದಳು. ನೀವು ಹಾರವನ್ನು ಸ್ಟೇರಿಂಗಿನ ಹಾಗೆ ಕೈಯಲ್ಲಿ ತಿರುಗಿಸುತ್ತಾ "ಮೂವತ್ತೊಂದ್ ವರ್ಷ ಹೋದ್ ರೋಡಲ್ಲೇ ವಾಪಸ್ ಬಂದಿದೀನಿ ಕಣೇ. ಒಂದ್ಸಲ ರಿವರ್ಸ್ ಹೊಡೀದೆ ಸೀದಾ ಹೋಗ್ಬೇಕು, ಎಲ್ಲೀವರ್ಗೂ ರೋಡಿದ್ಯೋ ಅಲ್ಲೀವರ್ಗೂ" ಎಂದಿರಿ. ಸುನಿಲ್ "ಹಂಗಾದ್ರೆ ಲಂಡನ್‌ಗೇ ಹೋಗಪ್ಪ ನೀನು" ಎಂದು ತಮಾಷೆ ಮಾಡಿದ. ನೀವು ತಮಾಷೆ ಮಾಡಲಿಲ್ಲ. ಹೊರಮಾವಿನ ನಮ್ಮ ತೋಟ ಮಾರಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೂ ಆ ದುಡ್ಡಿನಲ್ಲಿ ನೀವು ನಿಮಗಾಗಿ ಏನನ್ನೂ ಕೊಂಡಿರಲಿಲ್ಲ. ಆ ವಾರವೇ ಎಂಟು ಸೀಟಿನ ವ್ಯಾನು ಮನೆ ಮುಂದೆ ಬಂದು ನಿಂತಿತು.

ಎಂಟು ಸೀಟು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಜಾಗವಿಲ್ಲ ಎನ್ನುವ ಮಾತು ಬರುವಂತೆಯೇ ಇಲ್ಲ.

ಪಿಯುಸಿ ಮುಗಿಸಿ ಕೆ.ಜಿ.ಎಫ್. ಹಾಸ್ಟೆಲಿನಿಂದ ಟ್ರಂಕು ಹೊತ್ತುಕೊಂಡು ನಾನು ಬಂದಾಗ ನೀವು ಬಾಗಿಲಲ್ಲೇ ಅಟ್ಲಾಸ್ ಹಿಡಿದು ನಿಂತಿದ್ದಿರಿ. "ಬಂದ್ಯಾ? ಒಳ್ಳೇ ಟೈಮಿಗ್ ಬಂದೆ ನೋಡು. ಇಲ್ಲೇನೋ ಬರ್ದವ್ನೆ, ಓದು." ಆವತ್ತಿನಿಂದ ಪ್ರತಿ ಭಾನುವಾರ ಅದೇ ಕೆಲಸ. ಕಾಲೇಜು ಸಿಕ್ಕಿದ್ದು ಕಂಟೋನ್ಮೆಂಟಿನಲ್ಲಿ, ಮನೆಯಿಂದ ಓಡಾಡಬಹುದು ಎಂದುಕೊಂಡಿದ್ದೆ. ನೀವು "ಟಿನ್ ಫ್ಯಾಕ್ಟ್ರಿ ಹತ್ರ ಟ್ರಾಫಿಕ್ಕು, ನೀನ್ ಹಾಸ್ಟ್ಲಲ್ಲಿದ್ದು ಅಭ್ಯಾಸ ಆಗಿರೋಳು" ಎಂದು ಹಲಸೂರು ಕೆರೆ ಹತ್ತಿರ ಹಾಸ್ಟೆಲ್ ನೋಡಿದಿರಿ. ಅದಕ್ಕೂ ನಾನು ಸುಮ್ಮನಿದ್ದೆ. ಭಾನುವಾರ ಇತ್ತಲ್ಲ.

ಆ ಭಾನುವಾರಗಳು ನನಗೆ ಎಷ್ಟು ಇಷ್ಟವಾಗಿದ್ದವು ಎಂದು ನಿಮಗೆ ಗೊತ್ತಿಲ್ಲ. ಖಾದರ್ ಚಾಚಾ ಶಿವಾಜಿನಗರದ ತಮ್ಮ ಗ್ಯಾರೇಜಿನಿಂದ ಸ್ಕೂಟರಿನಲ್ಲಿ ಸ್ಪೇರ್ ಪಾರ್ಟ್ ಕಟ್ಟಿಕೊಂಡು ಬಂದು ವ್ಯಾನಿನ ಕೆಳಗೆ ಮಲಗುತ್ತಿದ್ದರು, ಕಾಲು ಮಾತ್ರ ಹೊರಗೆ. ನೀವು ಬೆರಳಿಟ್ಟು ಮ್ಯಾಪು ಓದುತ್ತಿದ್ದಿರಿ. ಫೆರಿ ಹತ್ತುವ ಊರು ಕ್ಯಾಲೆ ಎಂದು ನಾನು ಹೇಳಿದ ದಿನ ನೆನಪಿದೆಯಾ? ನೀವು ಸ್ಪೆಲಿಂಗ್ ನೋಡಿ "ಕಲಾಯಿಸ್" ಎಂದಿರಿ. ವ್ಯಾನಿನ ಕೆಳಗಿನಿಂದ ಚಾಚಾ, "ಕಲಾಯಿನಾ? ಅರೆ ಅದಕ್ಕೆ ಫ್ರಾನ್ಸಿಗೆ ಯಾಕ್ರೀ ಹೋಗ್ಬೇಕು, ನಮ್ ಗಲ್ಲೀಲೇ ಚಾಂದ್ ಪಾಷಾ ಅವ್ನೆ, ಪಾತ್ರೆ ತಂದ್ರೆ ಅರ್ಧ ಗಂಟೇಲಿ ಪಳಪಳ ಮಾಡ್ಕೊಡ್ತಾನೆ" ಎಂದರು. ಅಮ್ಮ ಒಳಗಿನಿಂದ, "ಹಂಗಾದ್ರೆ ಆ ದೊಡ್ ಬೋಸಿ ತಗೊಂಡೋಗಿ" ಎಂದಳು. ನಾನು ನಕ್ಕು ನಕ್ಕು ಜಗುಲಿಯ ಮೇಲೆ ಬಿದ್ದೆ. ಮನೆ ಎಂದರೆ ಇದು ಎಂದುಕೊಂಡೆ.

ಸುನಿಲ್ ಟೇಪು ಹಿಡಿದು ವ್ಯಾನಿನ ಎತ್ತರ ಅಳೆದ. ಮೇಲಿನ ಕ್ಯಾರಿಯರನ್ನು ಬಿಟ್ಟೇ ಅಳೆದ. ಅದನ್ನೇ ಕಳಿಸಿದ್ದರೆ ಫೆರಿಯ ಬಾಗಿಲಲ್ಲಿ ನಿಮ್ಮನ್ನು ಬೇರೆ ಸಾಲಿಗೆ ಎಳೆದು ನಿಲ್ಲಿಸುತ್ತಿದ್ದರು. ತಪ್ಪು ಹಿಡಿದವಳು ನಾನು. ಫ್ರಾನ್ಸ್‌ನಲ್ಲಿ ಬಲಗಡೆ ಓಡಿಸಬೇಕು, ಸಮುದ್ರ ದಾಟಿದ ತಕ್ಷಣ ನಮ್ಮ ಹಾಗೆ ಎಡಗಡೆ, ಫೆರಿಯಿಂದ ಇಳಿಯುವಾಗಲೇ ನೆನಪಿಡಬೇಕು ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದವಳು ನಾನು. ನನಗೆ ಸುಮ್ಮನೆ ಭಯ ಆಗುತ್ತಿರುತ್ತದೆ, ನಿಮಗೆ ಗೊತ್ತು. ಬ್ರೇಕು ಹಿಡಿಯದಿದ್ದರೆ, ಪೊಲೀಸು ನಿಲ್ಲಿಸಿದರೆ, ಅಮ್ಮನಿಗೆ ಶುಗರ್ ಇಳಿದುಬಿಟ್ಟರೆ. ಒಂದೊಂದು ಭಯಕ್ಕೂ ಒಂದೊಂದು ಹಾಳೆ ಫೈಲಿಗೆ ಸೇರಿಸಿದೆ. ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ ಈ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೇನೆ ಎಂದುಕೊಂಡೇ ಎಲ್ಲವನ್ನೂ ಬರೆದೆ.

ಇನ್ನು ಆಗಸ್ಟ್ ಇಪ್ಪತ್ತೊಂಬತ್ತು.

ಅಮ್ಮ ದೇವರ ಮುಂದಿನ ತಟ್ಟೆ ತಂದು ನನ್ನ ಮುಂದೆ ಹಿಡಿದಳು. ಹೊಸ ಪಾಸ್‌ಪೋರ್ಟುಗಳು, ಮೇಲೆ ಅರಿಶಿನ ಕುಂಕುಮ. ಅದೊಂದು ಕೆಲಸವನ್ನು ನೀವು ಏಜೆಂಟಿಗೆ ಕೊಟ್ಟಿದ್ದಿರಿ, ಅವನು ಕೊಟ್ಟುಹೋಗಿದ್ದನಂತೆ; ನನ್ನ ಸಹಿಯನ್ನು ಯಾರೂ ಕೇಳಿರಲಿಲ್ಲ, ಅದನ್ನೂ ಅವನೇ ಹೇಗೋ ನೋಡಿಕೊಂಡಿರಬೇಕು ಎಂದುಕೊಂಡೆ. ನಾನು ತೆಗೆದು ನೋಡಿದೆ. ಮುನಿಆಂಜನಪ್ಪ. ಪಟಾಲಮ್ಮ. ಸುನಿಲ್ ಕುಮಾರ್. ಕೆಳಗೆ ಇನ್ನೊಂದು ಇದೆಯೇನೋ ಎಂದು ಬಾಳೆಹಣ್ಣನ್ನು ಪಕ್ಕಕ್ಕೆ ಸರಿಸಿ ನೋಡಿದೆ.

"ನಂದೆಲ್ಲಿ?" ಎಂದೆ.

"ನಿಂದ್ಯಾಕಮ್ಮ?" ಎಂದಿರಿ ನೀವು.

ಬೇಕೆಂದೇ ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಿರಿ.

"ನಾನು ಬರ್ಬೇಡ್ವಾ?"

"ನಿಂಗೆ ಕಾಲೇಜಿಲ್ವಾ? ಮೇ ತಿಂಗ್ಳಲ್ಲಿ ಎಕ್ಸಾಮು. ಏಜೆಂಟು ರೇಷನ್ ಕಾರ್ಡ್ ತಗೊಂಡ್ಹೋದ, ಅದ್ರಲ್ಲಿರೋ ಮೂರ್ ಜನಕ್ಕೂ ಮಾಡ್ದ. ಖಾದರ್‌ದು ಆಗ್ಲೇ ಐತೆ. ನಾಲ್ಕ್ ಜನ ಆಯ್ತಲ್ಲ."

"ರೇಷನ್ ಕಾರ್ಡಲ್ಲಿ ನಾನಿಲ್ವಾ?"

"ಹಾಸ್ಟೆಲ್ ಸೇರ್ದಾಗ ತೆಗ್ಸಿದ್ದು ಕಣಮ್ಮ. ಅಲ್ಲೇ ಊಟ ಅಲ್ವಾ? ಆಮೇಲೆ ಸೇರ್ಸೋದು ಮರ್ತೇ ಹೋಯ್ತು."

ಸುನಿಲ್ ಹೋಗಿ ಕಾರ್ಡು ತಂದು ತೋರಿಸಿದ. ಫೋಟೋ ಇರುವ ಹೊಸ ಕಾರ್ಡು. ನೀವು ಮೂವರೂ ಬಿಳಿ ಗೋಡೆಗೆ ಒರಗಿ ನಿಂತಿದ್ದೀರಿ. ಅಮ್ಮನ ತಲೆಯಲ್ಲಿ ಕನಕಾಂಬರ. ಆ ಫೋಟೋ ತೆಗೆದದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ದಸರಾ ರಜಕ್ಕೆ ಬಂದಿದ್ದಾಗ. ಅವತ್ತು ನೀವೆಲ್ಲ ಹೊಸ ಬಟ್ಟೆ ಹಾಕಿಕೊಂಡು ಹೊರಟಿರಿ. ನಾನು ಎಲ್ಲಿಗೆ ಎಂದಾಗ ಅಮ್ಮ, "ಇಲ್ಲೇ, ರೇಷನ್ ಆಫೀಸಿಗೆ, ನೀನ್ ಟೀವಿ ನೋಡ್ತಿರು" ಎಂದಳು. ನಾನು ಟೀವಿ ನೋಡಿದೆ.

ನಾನು ಅಳಲು ಶುರು ಮಾಡಿದಾಗ ಒಬ್ಬೊಬ್ಬರೂ ಏನೇನು ಹೇಳಿದಿರಿ ಎಂದು ಮರೆತಿದ್ದರೆ ನೆನಪಿಸುತ್ತೇನೆ. ಅಮ್ಮ, "ನಿಂಗೇನು, ಒಬ್ಳೇ ಇದ್ದು ಅಭ್ಯಾಸ. ನಮ್ಗಾದ್ರೆ ಕಷ್ಟ" ಎಂದಳು. ಸುನಿಲ್, "ಎಲ್ಲಾ ಊರಿಂದ್ಲೂ ಪಿಕ್ಚರ್ ಕಾರ್ಡ್ ಹಾಕ್ತೀವಿ ಬಿಡೇ, ಹಾಸ್ಟೆಲ್ ಗೋಡೆಗೆ ಅಂಟಿಸ್ಕೋ" ಎಂದ. ನೀವು ತಲೆ ಸವರಿ, "ನೀನಿಲ್ಲಿದ್ರೇನೇ ನಮ್ಗೆ ಧೈರ್ಯ ಕಣಮ್ಮ. ಅಲ್ಲೆಲ್ಲಾದ್ರೂ ಪೊಲೀಸ್ನೋರು ಹಿಡ್ಕೊಂಡ್ರೆ ನಿಂಗೆ ಫೋನ್ ಹಾಕ್ತೀವಿ, ನೀನ್ ಇಂಗ್ಲಿಷಲ್ ಮಾತಾಡ್ಬಿಡು" ಎಂದಿರಿ.

ಇಂಗ್ಲಿಷಲ್ ಮಾತಾಡ್ಬಿಡು! ಅಪ್ಪ, ಆ ಇಂಗ್ಲಿಷಿಗೋಸ್ಕರ ತಾನೇ ನನ್ನನ್ನು ಎಂಟು ವರ್ಷಕ್ಕೆ ಕೆ.ಜಿ.ಎಫ್.ನಲ್ಲಿ ಬಿಟ್ಟಿದ್ದು? ಸುನಿಲನನ್ನು ಮನೆ ಹತ್ತಿರದ ಕನ್ನಡ ಶಾಲೆಗೆ ಹಾಕಿ, 'ಮನೇಲಿ ಒಬ್ರಾದ್ರೂ ಇಂಗ್ಲಿಷ್ ಕಲೀಲಿ' ಎಂದು ನನ್ನನ್ನು ಕಳಿಸಿದಿರಿ. ಸರಿ, ಕಲಿತೆ. ಪೂರ್ತಿ ಬರಲಿಲ್ಲ, ಅರ್ಧ ಬಂತು. ಕಾಲೇಜಿನ ಇಂದಿರಾನಗರದ ಹುಡುಗಿಯರ ಮುಂದೆ ಬಾಯಿ ಬಿಟ್ಟರೆ ನನ್ನ ಇಂಗ್ಲಿಷು ಕೆ.ಜಿ.ಎಫ್. ಎಂದು ಗೊತ್ತಾಗಿಬಿಡುತ್ತದೆ. ಅದಕ್ಕೆ ಬದಲಾಗಿ ಕನ್ನಡವೂ ಅರ್ಧ ಹೋಯಿತು. ಸುನಿಲ್ ನಿಮ್ಮನ್ನು "ಏನಪ್ಪಾ ನೀನು" ಎನ್ನುತ್ತಾನೆ, ನಾನು "ನೀವು" ಎನ್ನುತ್ತೇನೆ. ಎಷ್ಟು ಮರ್ಯಾದೆ ನೋಡಿ ಎಂದು ನೀವು ನೆಂಟರ ಮುಂದೆ ಹೊಗಳುತ್ತೀರಿ. ಅದು ಮರ್ಯಾದೆಯಲ್ಲ ಅಪ್ಪ, ಕಾಗದದ ಭಾಷೆ. ನಿಮ್ಮ ಜೊತೆ ನಾನು ಹೆಚ್ಚಾಗಿ ಮಾತಾಡಿದ್ದು ಕಾಗದದಲ್ಲೇ.

ಇರಲಿ. ವಾರ್ಡನ್ ಲೈಟ್ ಆರಿಸಿ ಎನ್ನುತ್ತಿದ್ದಾರೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಸೋಮವಾರ, ಸಂಜೆ

ಬೆಳಿಗ್ಗೆ ಎದ್ದು ಮೇಲಿನದನ್ನು ಓದಿದೆ. ಸಿಟ್ಟು ಇಳಿದಿರುತ್ತದೆ, ಹರಿದು ಹಾಕೋಣ ಎಂದುಕೊಂಡಿದ್ದೆ. ಇಳಿದಿಲ್ಲ.

ಖಾದರ್ ಚಾಚಾ ವಿಷಯ ಹೇಳಬೇಕು. ಪಾಪ, ಹೋದ ಭಾನುವಾರ ಹಾಸ್ಟೆಲ್ ಗೇಟಿನ ಹೊರಗೆ ಒಂದು ಕವರ್ ಬಿಸ್ಕೆಟ್ ಹಿಡಿದುಕೊಂಡು ನಿಂತಿದ್ದರು. ಕೈಯಲ್ಲಿ ಗ್ರೀಸು.

"ಬೇಟಾ, ನಿಮ್ಮಪ್ಪ ಹೇಳ್ದ, ಆ ಐದು ಅಂತ ಇದ್ಯಂತಲ್ಲ, ಅದನ್ನ ನಾಲ್ಕು ಮಾಡ್ಬೇಕಂತೆ. ಫೈಲೂ ಕೇಳ್ದ."

"ನೀವೇನ್ ಹೇಳಿದ್ರಿ ಚಾಚಾ?"

"ನಾನ್ ಬೈದೆ. ಯಾ ಅಲ್ಲಾ, ಮಗು ಎಲ್ಲಾ ಮಾಡಿದೆ, ಅದನ್ನೇ ಬಿಟ್ಟು ಹೋಗ್ತೀಯಲ್ಲೋ ಮುನಿ ಅಂದೆ. ಅವನು 'ಬಿಟ್ ಎಲ್ ಹೋಗ್ತೀನಿ, ಅವ್ಳು ಹಾಸ್ಟೆಲಲ್ಲೇ ಇರ್ತಾಳಲ್ಲ' ಅಂತಾನೆ. ನೋಡು, ನಂಗೆ ಲಂಡನ್ ಗಿಂಡನ್ ಏನೂ ಬೇಡ. ನನ್ ಸೀಟಲ್ಲಿ ನೀನ್ ಹೋಗು. ಬ್ರೇಕ್ ಸರಿಮಾಡಿ ಕಳಿಸ್ತೀನಿ, ಸಾಕು."

ನೋಡಿ, ಅವರಿಗೆ ಹೊಳೆಯಿತು. ನಮ್ಮ ಜಾತಿಯಲ್ಲ, ಬಳಗವಲ್ಲ, ವಾರಕ್ಕೊಂದು ದಿನ ಬಂದು ವ್ಯಾನಿನ ಕೆಳಗೆ ಮಲಗುವವರಿಗೆ ಹೊಳೆಯಿತು. ನಾನು ಬಿಸ್ಕೆಟ್ ತೆಗೆದುಕೊಂಡು, "ಸೀಟ್ ಖಾಲಿ ಇದೆ ಚಾಚಾ, ಅದಲ್ಲ ಪ್ರಾಬ್ಲಂ" ಎಂದೆ. "ಮತ್ತೇನು?" ಎಂದರು.

ಪ್ರಾಬ್ಲಂ ಏನು ಎಂದು ನಾನೇ ಕಂಡುಹಿಡಿದೆ. ಗುರುವಾರ ಕ್ಲಾಸಿಗೆ ಚಕ್ಕರ್ ಹಾಕಿ ಕೆ.ಆರ್. ಪುರಕ್ಕೆ ಬಸ್ ಹತ್ತಿದೆ. ಬೈಯಬೇಡಿ, ಮೊದಲನೇ ಸಲ. ಪಾಸ್‌ಪೋರ್ಟಿಗೆ ರೇಷನ್ ಕಾರ್ಡೇ ಆಗಬೇಕೆಂದಿಲ್ಲ, ಕಾಲೇಜಿನ ಬೋನಫೈಡ್ ಸರ್ಟಿಫಿಕೇಟಿನಲ್ಲೂ ಅರ್ಜಿ ಹಾಕಬಹುದು, ವಿಚಾರಿಸಿದ್ದೇನೆ. ಏಜೆಂಟನ್ನು ನೀವೂ ಒಂದು ಮಾತು ಕೇಳಿದ್ದರೆ ಅವನೂ ಹೇಳುತ್ತಿದ್ದ. ಆದರೆ ನನಗೆ ಆ ದಾರಿ ಬೇಡ. ಅಲ್ಲಿಯೂ ಹಾಸ್ಟೆಲಿನ ವಿಳಾಸವೇ ಹೋಗುತ್ತದೆ.

ರೇಷನ್ ಆಫೀಸಿನಲ್ಲಿ ಎರಡು ಗಂಟೆ ನಿಂತ ಮೇಲೆ ನನ್ನ ಸರದಿ ಬಂತು. ಮೇಜಿನ ಆಚೆ ಮಾನಮ್ಮ ಎನ್ನುವವರು. ರಾಯಚೂರು ಕಡೆಯವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಾರೆ. ಹೆಸರು ಸೇರಿಸಬೇಕು ಎಂದೆ.

"ಯಾರದವ್ವಾ?"

"ನಂದೇ ಮೇಡಂ."

"ಲಗ್ನ ಆಗೇತೇನು?"

"ಇಲ್ಲ ಮೇಡಂ."

"ಮತ್ತ ಈಗರ ಹುಟ್ಟೀಯೇನು?" ಹಿಂದೆ ನಿಂತವರೆಲ್ಲ ನಕ್ಕರು. ಅವರು ಫಾರಂ ತಿರುಗಿಸಿ ನನಗೆ ತೋರಿಸಿದರು. "ನೋಡಿಲ್ಲಿ. ಸೇರಸಾಕ ಎರಡೇ ಕಾರಣ ಅಚ್ಚ ಹಾಕ್ಯಾರ. ಒಂದು ಜನನ, ಒಂದು ವಿವಾಹ. ಮನಿಯಾಗ ಹುಟ್ಟಬೇಕು, ಇಲ್ಲಾ ಸೊಸಿ ಆಗಿ ಬರಬೇಕು. ನೀ ಯಾವುದು?"

"ನಾನು ಮಗಳು."

"ಮಗಳಾದ್ರ ಹುಟ್ಟಿದಾಗ ಸೇರಸಿರ್ತಾರಲ್ಲ."

"ಸೇರಿಸಿದ್ದರು ಮೇಡಂ. ಆಮೇಲೆ ತೆಗೆಸಿದರು."

ಮಾನಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಸತ್ತವರದು ತೆಗಸ್ತಾರ. ಗಂಡನ ಮನಿಗಿ ಹೋದವರದು ತೆಗಸ್ತಾರ. ನಿಂದ್ಯಾಕ ತೆಗಿಸಿದ್ರವ್ವಾ?"

ಹಾಸ್ಟೆಲಿನಲ್ಲಿ ಊಟ ಕೊಡುತ್ತಿದ್ದರು ಎಂದೆ. ಹಿಂದಿನವರು "ಬೇಗ ಬೇಗ" ಎಂದು ಗಲಾಟೆ ಮಾಡಿದಾಗ ಮಾನಮ್ಮ "ಸುಮ್ಕಿರ್ರೀ" ಎಂದು ಗದರಿದರು. ಆಮೇಲೆ ಪೆನ್ನಿನಿಂದ ಆ ಎರಡು ಕಾರಣಗಳ ಕೆಳಗೆ ಇದ್ದ ಅರ್ಧ ಇಂಚು ಖಾಲಿ ಜಾಗವನ್ನು ತೋರಿಸಿದರು.

"ಇಲ್ಲಿ ನಿಮ್ಮಪ್ಪ ತನ್ನ ಕೈಯಾರ ಬರೀಲಿ, ಯಾಕ ಸೇರಸಬೇಕು ಅಂತ. ಅಚ್ಚಿನ ಕಾರಣ ಅಲ್ಲದಿದ್ರೂ ನಡೀತದ. ಸಾಹೇಬ್ರ ಸಹಿ ನಾ ಮಾಡಿಸ್ತೀನಿ. ಆದ್ರ ನೀ ಬರೀಬ್ಯಾಡ. ಯಜಮಾನ ಬರೀಬೇಕು."

ಆ ಫಾರಂ ಈ ಕಾಗದದ ಜೊತೆಗೇ ಇದೆ. ಉಳಿದ ಎಲ್ಲವನ್ನೂ ನಾನೇ ತುಂಬಿದ್ದೇನೆ. ಹೆಸರು, ವಯಸ್ಸು, ಲಿಂಗ, ಯಜಮಾನರೊಂದಿಗೆ ಸಂಬಂಧ. ಆ ಅರ್ಧ ಇಂಚು ಮಾತ್ರ ಬಿಟ್ಟಿದ್ದೇನೆ. ನನ್ನ ಕೈಲಿ ಫಾರಂ ತುಂಬಿಸುವುದು ನಿಮಗೆ ಅಭ್ಯಾಸವಾಗಿಬಿಟ್ಟಿದೆ: ಕಾರ್ನೆ, ವೀಸಾ, ಫೆರಿ, ಅಮ್ಮನ ಇನ್ಶೂರೆನ್ಸು, ಸುನಿಲನ ಇಂಟರ್‌ನ್ಯಾಷನಲ್ ಲೈಸೆನ್ಸು. ಇದೊಂದನ್ನು ನೀವು ತುಂಬಿ. ಇಂಗ್ಲಿಷ್ ಬೇಕಿಲ್ಲ. ಸುನಿಲನ ಕೈಯಲ್ಲಿ ಬರೆಸಬೇಡಿ, ಏಜೆಂಟಿಗೆ ಕೊಡಬೇಡಿ. ನೀವೇ ಕೂತು, ಮಗಳನ್ನು ಮನೆಗೆ ಯಾಕೆ ಸೇರಿಸಬೇಕು ಎಂದು ಯೋಚನೆ ಮಾಡಿ, ಒಂದು ಸಾಲು ಬರೆಯಿರಿ.

ಅಲ್ಲಿಯ ತನಕ ಫೈಲು ನನ್ನ ಟ್ರಂಕಿನಲ್ಲಿ ಇರುತ್ತದೆ. ಇದು ಬ್ಲ್ಯಾಕ್‌ಮೇಲು ಎಂದು ಸುನಿಲ್ ಹೇಳುತ್ತಾನೆ. ಹೌದು, ಬ್ಲ್ಯಾಕ್‌ಮೇಲೇ. ಬೇರೆಯವರಿಂದ ಫಾರಂಗಳನ್ನೆಲ್ಲ ಮತ್ತೆ ಮೊದಲಿನಿಂದ ತುಂಬಿಸಿಕೊಳ್ಳುವುದಾದರೆ ತುಂಬಿಸಿಕೊಳ್ಳಿ. ಫೆರಿಯವರಿಗೆ ನೀವು ಗೊತ್ತಿರುವುದು ನನ್ನ ಹೆಸರಿನಿಂದ; 'ಡಿಯರ್ ಮಿಸ್ ಹಂಸ' ಎಂದೇ ಅವರ ಎಲ್ಲ ಇ-ಮೇಲುಗಳೂ ಬಂದಿವೆ. ನಾನು ಕಂಪ್ಯೂಟರಿನ ಮುಂದೆ ಕೂತು ಐದರ ಮೇಲೆ ಬೆರಳಿಟ್ಟು ನೋಡಿದೆ ಅಪ್ಪ. ಅಳಿಸಲು ಒಂದು ಕೀ ಒತ್ತಿದರೆ ಸಾಕಿತ್ತು. ಗಂಟೆ ಮುಗಿಯಿತು ಎಂದು ಕೆಫೆಯವನು ಬಂದು ಹೇಳುವ ತನಕ ಕೂತೇ ಇದ್ದೆ.

ನನಗೆ ಮೇನಲ್ಲಿ ಎಕ್ಸಾಮು ಇರುವುದು ನಿಜ. ಅಟೆಂಡೆನ್ಸ್ ಕಮ್ಮಿಯಾದರೆ ವರ್ಷ ಹೋಗುತ್ತದೆ, ಅದೂ ನಿಜ. ಹಾಗಾಗಿ ಕೊನೆಗೆ ನಾನೇ ಬರುವುದಿಲ್ಲ ಎನ್ನಬಹುದು. ಆದರೆ 'ನೀನು ಬರ್ತೀಯಾ ಹಂಸಾ' ಎಂದು ನೀವು ಕೇಳಿ, ನಾನು ಕ್ಯಾಲೆಂಡರ್ ನೋಡಿ, 'ಇಲ್ಲ ಅಪ್ಪ, ಆಗಲ್ಲ' ಎನ್ನಬೇಕು. ಇಲ್ಲ ಎನ್ನುವ ಹಕ್ಕಾದರೂ ನನಗೆ ಇರಬೇಕಲ್ಲ. ಹೆಸರೇ ಇಲ್ಲದವರನ್ನು ಯಾರೂ ಕೇಳುವುದಿಲ್ಲ.

ಅಮ್ಮನಿಗೆ ಶುಗರ್ ಮಾತ್ರೆ ತಪ್ಪಿಸಬೇಡ ಎನ್ನಿ. ಸುನಿಲನಿಗೆ ಕ್ಯಾರಿಯರನ್ನೂ ಸೇರಿಸಿ ಇನ್ನೊಮ್ಮೆ ಅಳೆಯಲು ಹೇಳಿ, ಅವನು ಕೊಟ್ಟ ಎರಡನೇ ಅಳತೆಯ ಮೇಲೂ ನನಗೆ ನಂಬಿಕೆಯಿಲ್ಲ. 'ಚಿರಂಜೀವಿಯಾಗು' ಎಂದು ನೀವು ಬರೆದು ಕಳಿಸುತ್ತೀರಲ್ಲ, ಈ ಸಲ ಅದನ್ನು ಬರೆಯಬೇಡಿ. ಫಾರಂ ಕಳಿಸಿ, ಅದೇ ಆಶೀರ್ವಾದ ಎಂದುಕೊಳ್ಳುತ್ತೇನೆ. ನಿಮ್ಮ ದಾರಿ ಚೆನ್ನಾಗಿರಲಿ ಎಂದು ನಾನಂತೂ ಬೇಡಿಕೊಳ್ಳುತ್ತೇನೆ, ಸಿಟ್ಟಿನಲ್ಲಿದ್ದರೂ.

ನಿಮ್ಮ ಮಗಳು,
ಹಂಸ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕವರಿಗೆ ಅಂಟು ಹಚ್ಚಿದವಳು ಬಿಚ್ಚಿ ಬರೆಯುತ್ತಿದ್ದೇನೆ.

ಗುರುವಾರ ನಾನು ಹೊರಡುವ ಮೊದಲು ಮಾನಮ್ಮ ಒಳಗಿನಿಂದ ಹಳೆಯ ಕಟ್ಟು ತರಿಸಿ, ಧೂಳು ಕೊಡವಿ, ನನ್ನ ಹೆಸರು ತೆಗೆಸಿದ ಅರ್ಜಿಯನ್ನು ಹುಡುಕಿದರು. ಸಿಕ್ಕಿತು. ನಿಮ್ಮದೇ ಅಕ್ಷರ. ಟ್ರಿಪ್ ಶೀಟಿನಲ್ಲಿ ಬರೆಯುವ ಹಾಗೆ ದುಂಡಗೆ, ಒಂದೂ ತಪ್ಪಿಲ್ಲದೆ: 'ನನ್ನ ಮಗಳು ಕು. ಹಂಸ, ವಯಸ್ಸು ಎಂಟು, ಕಾಯಂ ಆಗಿ ಮನೆ ಬಿಟ್ಟು ಹೋಗಿರುವುದರಿಂದ ಆಕೆಯ ಹೆಸರನ್ನು ತೆಗೆಯಬೇಕಾಗಿ ವಿನಂತಿ.' ಕೆಳಗೆ ಸಹಿ, ತಾರೀಕು. 28 ಮೇ 1994.

ಹಾಸ್ಟೆಲಿನವರು ಹಾಗೆ ಬರೆಸಿಕೊಂಡು ಬನ್ನಿ ಎಂದಿರಬಹುದು. ಗುಮಾಸ್ತರು ಹೇಳಿದ್ದನ್ನು ನೀವು ಬರೆದಿರಬಹುದು. ಅದನ್ನೆಲ್ಲ ನಾನೇ ನಿಮ್ಮ ಪರವಾಗಿ ಯೋಚಿಸಿ ಆಗಿದೆ. ಆದರೆ ನೀವು ನನ್ನನ್ನು ಕೆ.ಜಿ.ಎಫ್.ಗೆ ಕರೆದುಕೊಂಡು ಹೋದದ್ದು ಜೂನ್ ಎರಡಕ್ಕೆ. ಹಾಸ್ಟೆಲಿಗೆ ಎಂದು ಹೇಳಲಿಲ್ಲ. "ಟೂರ್ ಹೋಗೋಣ ಬಾರೇ" ಎಂದಿರಿ. ನಾನು ನಂಬಿ, ಕುಣಿದುಕೊಂಡು ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತೆ. ನನ್ನನ್ನು ನೀವು ಕರೆದುಕೊಂಡು ಹೋದದ್ದು ಅದೊಂದೇ ಟೂರು.

ಮೇ ಇಪ್ಪತ್ತೆಂಟು ಶನಿವಾರ. ಕ್ಯಾಲೆಂಡರ್ ಹುಡುಕಿ ನೋಡಿದೆ. ಅವತ್ತು ನಾನು ಎಲ್ಲಿಗೂ ಹೋಗಿರಲಿಲ್ಲ ಅಪ್ಪ. ನೀವು ಅದನ್ನು ಬರೆಯುವಾಗ ನಾನು ಮನೆಯಲ್ಲೇ ಇದ್ದೆ.